ದೀಪ ಹೋಗಿ ಸೀಸೆ ಬಂದಿತು

ವಿದ್ಯಾರ್ಥಿಗಳೇ, ಅಲ್ಲಾದ್ದೀನನ ಅದ್ಭುತ ದೀಪದ ಕಥೆಯನ್ನು ನೀವೆಲ್ಲರೂ ಕೇಳಿರುತ್ತೀರಿ. ಅಂಥದೇ ಒಂದು ದೀಪ 1987ರಲ್ಲಿ ಜಪಾನಿನ ಒಂದು ವಿಡಿಯೋ ಗೇಮ್‌ನಲ್ಲಿ ಕಾಣಿಸಿಕೊಂಡಿತು. ಇದನ್ನು ಉಜ್ಜಬೇಕಾಗಿರಲಿಲ್ಲ. ಹುಲ್ಲಿನ ಬುಡದಿಂದ ಕಿತ್ತು ನೆಲಕ್ಕೆ ಎಸೆದರೆ ಅಲ್ಲೊಂದು ಬಾಗಿಲು ಏಳುತ್ತಿತ್ತು. ಒಳಹೊಕ್ಕರೆ ನೀವು ನಿಂತಿದ್ದ ಜಾಗವೇ ಮತ್ತೆ ಎದುರಾಗುತ್ತಿತ್ತು, ಆದರೆ ಕತ್ತಲಲ್ಲಿ, ಕನ್ನಡಿಯ ಬಿಂಬದಂತೆ ಎಡ ಬಲ ಅದಲುಬದಲಾಗಿ. ಅಲ್ಲಿ ಇರಲು ಸಿಗುವುದು ಕೆಲವೇ ಕ್ಷಣ. ಸರಿಯಾದ ಸ್ಥಳದಲ್ಲಿ ದೀಪ ಎಸೆದಿದ್ದರೆ ಅಷ್ಟರೊಳಗೆ ಒಂದು ಹೃದಯ ದೊರೆಯುತ್ತಿತ್ತು. ಅದನ್ನು ಪಡೆದವನ ಪ್ರಾಣಬಲ ಒಂದು ಅಂಕ ಹೆಚ್ಚುತ್ತಿತ್ತು. ತಪ್ಪು ಜಾಗದಲ್ಲಿ ಎಸೆದವನಿಗೆ ಹೃದಯ ಸಿಗುತ್ತಿರಲಿಲ್ಲ. ಎಲ್ಲಿ ಎಸೆಯಬೇಕೆಂಬುದನ್ನು ಆಡಿ ಆಡಿಯೇ ಕಲಿಯಬೇಕು. ನಮ್ಮ ಪ್ರಯೋಗಶಾಲೆಯ ವಿಧಾನವೂ ಇದೇ ಅಲ್ಲವೇ!

ಆಟದ ಹೆಸರು 'ಯುಮೆ ಕೋಜೋ: ಡೋಕಿ ಡೋಕಿ ಪ್ಯಾನಿಕ್'. ಯುಮೆ ಎಂದರೆ ಕನಸು, ಕೋಜೋ ಎಂದರೆ ಕಾರ್ಖಾನೆ. ಡೋಕಿ ಡೋಕಿ ಎಂಬುದು ನಮ್ಮ 'ಡವಡವ' ಇದ್ದಂತೆ, ಎದೆ ಬಡಿದುಕೊಳ್ಳುವ ಸದ್ದು. ಆ ವರ್ಷದ ಬೇಸಿಗೆಯಲ್ಲಿ ಫ್ಯೂಜಿ ಟೆಲಿವಿಷನ್ ಎಂಬ ಖಾಸಗಿ ವಾಹಿನಿಯು ಟೋಕಿಯೋ ಮತ್ತು ಒಸಾಕಾಗಳಲ್ಲಿ 'ಯುಮೆ ಕೋಜೋ 87' ಎಂಬ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತ್ತು. ಅದರ ಲಾಂಛನವಾಗಿ ಅಪ್ಪ, ಅಮ್ಮ, ಇಮಾಜಿನ್ ಎಂಬ ಹುಡುಗ, ಲೀನಾ ಎಂಬ ಹುಡುಗಿ ಹೀಗೆ ನಾಲ್ವರ ಪರಿವಾರವೊಂದನ್ನು ರೂಪಿಸಲಾಯಿತು. ಇದೇ ಪರಿವಾರವನ್ನಿಟ್ಟುಕೊಂಡು ಆಟ ತಯಾರಿಸಿದ್ದು ನಿಂಟೆಂಡೋ ಸಂಸ್ಥೆ. ಜುಲೈ 10ರಂದು ಆಟ ಬಿಡುಗಡೆಯಾಯಿತು, ಫ್ಯಾಮಿಕಾಮ್ ಯಂತ್ರಕ್ಕೆ ಜೋಡಿಸುವ ಡಿಸ್ಕ್ ರೂಪದಲ್ಲಿ.

ಇಲ್ಲಿ ಒಂದು ಮಾತು. ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಪ್ರಚಾರದ ಸಾಮಗ್ರಿಯೆಂದರೆ ತುಸು ತಾತ್ಸಾರ. ಸಮಾರಂಭ ಮುಗಿದ ಮರುದಿನ ಅದಕ್ಕೆ ಬೆಲೆಯಿಲ್ಲ. ಈ ಆಟಕ್ಕೂ ಅದೇ ಗತಿಯಾಗಬೇಕಿತ್ತು. ಆದರೆ ಅದರ ಹಿಂದಿದ್ದ ಶ್ರಮ ಪ್ರಚಾರಕ್ಕೆಂದು ಹುಟ್ಟಿದ್ದಲ್ಲ. ನಿರ್ದೇಶಕ ಕೆನ್ಸುಕೆ ತನಾಬೆ 2011ರ ಸಂದರ್ಶನವೊಂದರಲ್ಲಿ ತಿಳಿಸಿದಂತೆ, ಇಬ್ಬರು ಕೂಡಿ ವಸ್ತುಗಳನ್ನು ಎತ್ತಿ, ಎಸೆದು, ಒಂದರ ಮೇಲೊಂದು ಪೇರಿಸಿ ಮೇಲಕ್ಕೇರುವ ಮಾದರಿಯೊಂದನ್ನು ನಿಂಟೆಂಡೋ ಮೊದಲೇ ಪ್ರಯತ್ನಿಸಿತ್ತು. ಎತ್ತುವ, ಎಸೆಯುವ ಆ ಕಲ್ಪನೆಯೇ ಫ್ಯೂಜಿಯವರ ಆಟಕ್ಕೆ ಆಧಾರವಾಯಿತು. ದೀಪವನ್ನು ಕೀಳುವುದೂ ಎಸೆಯುವುದೂ ಅಲ್ಲಿಂದಲೇ ಬಂದ ಕ್ರಿಯೆಗಳು.

ಇತ್ತ ಅಮೆರಿಕದಲ್ಲಿ ಬೇರೊಂದು ಸಮಸ್ಯೆ ಎದ್ದಿತ್ತು. 1986ರ ಜೂನ್‌ನಲ್ಲಿ ಜಪಾನಿನಲ್ಲಿ ಬಂದಿದ್ದ ಮಾರಿಯೋನ ಎರಡನೆಯ ಆಟ ಅಲ್ಲಿನ ಮಕ್ಕಳಿಗೆ ತೀರ ಕಷ್ಟವಾದೀತೆಂದು ನಿಂಟೆಂಡೋದ ಅಮೆರಿಕ ಶಾಖೆ ಭಾವಿಸಿತು. ಆಗ ನೆನಪಾದದ್ದು ಡೋಕಿ ಡೋಕಿ. ಪರಿವಾರದ ನಾಲ್ವರನ್ನು ತೆಗೆದು ಆ ಜಾಗದಲ್ಲಿ ಮಾರಿಯೋ, ಲುಯಿಜಿ, ಟೋಡ್, ರಾಜಕುಮಾರಿ ಇವರನ್ನು ನಿಲ್ಲಿಸಿದರು. 1988ರ ಅಕ್ಟೋಬರ್‌ನಲ್ಲಿ ಅದು 'ಸೂಪರ್ ಮಾರಿಯೋ ಬ್ರದರ್ಸ್ 2' ಆಗಿ ಹೊರಬಂದು 70 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ಈ ಹೊಸ ವೇಷದಲ್ಲಿ ಅರಬ್ಬೀ ದೀಪಕ್ಕೆ ಸ್ಥಾನವಿರಲಿಲ್ಲ. ಅದರ ಬದಲು ಮಂತ್ರದ ಮದ್ದು ತುಂಬಿದ ಸೀಸೆ ಬಂದಿತು. ಒಳಗಿನ ಹೃದಯ ಹೋಗಿ ಮಾರಿಯೋನ ಅಣಬೆ ಬಂದಿತು. ಕತ್ತಲ ಲೋಕದ ಸಂಗೀತವನ್ನೂ ಬದಲಿಸಿ ಮೊದಲ ಮಾರಿಯೋ ಆಟದ ರಾಗವನ್ನು ಹಾಕಿದರು. ಆದರೆ ಕೆಲಸ ಮಾತ್ರ ಒಂದೇ: ಎಸೆ, ಬಾಗಿಲು, ಕತ್ತಲು, ಬಲ.

ಇತಿಹಾಸದ ವಿದ್ಯಾರ್ಥಿ ಇಲ್ಲಿ ಕಣ್ಣು ತೆರೆದು ನೋಡಬೇಕು. ಹಳೆಯ ದೇವಾಲಯದ ಕಲ್ಲನ್ನು ಹೊಸ ಕಟ್ಟಡದ ಗೋಡೆಗೆ ಬಳಸಿದಾಗ ಕೆತ್ತನೆ ಹೇಗೆ ಇಣುಕುತ್ತದೆಯೋ ಹಾಗೆ, ಮಾರಿಯೋನ ಆ ಆಟದಲ್ಲಿ ಹಾರುವ ಜಮಖಾನೆ ಉಳಿದಿದೆ. ಮರಳುಗಾಡು ಉಳಿದಿದೆ. ಮಡಕೆಯಿಂದ ತಲೆಯೆತ್ತುವ ನಾಗರಹಾವೂ ಇದೆ. ಕೊಳಾಯಿ ಕೆಲಸದ ಮಾರಿಯೋನ ಊರಿನಲ್ಲಿ ಇವೆಲ್ಲ ಏಕಿವೆ ಎಂದು ಕೇಳಿದರೆ ಉತ್ತರ ಆ ಕಾಣೆಯಾದ ದೀಪದಲ್ಲಿದೆ.

ಪರಿವಾರದ ನಾಲ್ವರು ಪ್ರದರ್ಶನದ ಸ್ವತ್ತು, ಆದ್ದರಿಂದ ಪ್ರದರ್ಶನದೊಂದಿಗೇ ಮರೆಯಾದರು. ಅವರ ವೈರಿಗಳ ಅದೃಷ್ಟ ಬೇರೆ. ಮುಖವಾಡ ತೊಟ್ಟ ಶೈ ಗೈ, ನಡೆದಾಡುವ ಬಾಂಬು ಬಾಬ್‌ಓಂಬ್, ಮೊಟ್ಟೆ ಉಗುಳುವ ಬರ್ಡೋ ಇವರೆಲ್ಲ ಮಾರಿಯೋನ ಲೋಕದಲ್ಲಿ ಕಾಯಂ ಆಗಿ ನೆಲೆಸಿ ಮುಂದಿನ ಅನೇಕ ಆಟಗಳಲ್ಲಿ ಕಾಣಿಸಿಕೊಂಡರು. ನಾಯಕರು ಹೋಗಿ ಖಳರು ಉಳಿದದ್ದು ನನಗೇನೋ ತಮಾಷೆಯಾಗಿ ಕಾಣುತ್ತದೆ.

1992ರಲ್ಲಿ ಈ ಆಟ ತವರಿಗೆ ಮರಳಿತು. ಜಪಾನಿನಲ್ಲಿ ಅದಕ್ಕೆ ಇಟ್ಟ ಹೆಸರು 'ಸೂಪರ್ ಮಾರಿಯೋ ಯುಎಸ್‌ಎ'. ಐದು ವರ್ಷದ ಹಿಂದೆ ಇದೇ ಹುಲ್ಲಿನಿಂದ ದೀಪ ಕಿತ್ತಿದ್ದ ಮಕ್ಕಳು ಅಲ್ಲಿದ್ದಿರಲೇಬೇಕು. ಈ ಸಲ ಅವರ ಕೈಗೆ ಬಂದದ್ದು ಸೀಸೆ.