ಎತ್ತಿನ ಗಾಡಿ ತಿರುಗುವಷ್ಟು ಅಗಲ

ಅಮೆರಿಕಕ್ಕೆ ಹೋಗಿ ಬಂದವರು ‘ರೋಡು ಅಂದ್ರೆ ಅಲ್ಲಿಯದು’ ಅಂತಾರೆ. ಯುರೋಪ್ ಸುತ್ತಿ ಬಂದವರು ಗಲ್ಲಿಗಳ ಫೋಟೊ ತೋರಿಸ್ತಾರೆ. ಯಾಕೆ ಹೀಗೆ ಅಂತ ಕೇಳಿದ್ರೆ ಸಿದ್ಧ ಉತ್ತರವೊಂದಿದೆ: ಅದು ಹೊಸ ದೇಶ, ಜಾಗ ಬೇಕಾದಷ್ಟಿತ್ತು, ಇದು ಕುದುರೆ ಕಾಲದ ಊರು. (ಆ ಜಾಗ ಮೊದಲು ಯಾರದಾಗಿತ್ತು ಅನ್ನೋದು ಬೇರೆಯೇ ಕತೆ.) ನನಗನ್ನಿಸೋದು, ಈ ಉತ್ತರ ಅರ್ಧ ಮಾತ್ರ ಸರಿ.

ಸರಿಯಿರೋ ಅರ್ಧ ಮೊದಲು ನೋಡೋಣ. 1847ರಲ್ಲಿ ಬ್ರಿಗಮ್ ಯಂಗ್ ಜೊತೆ ಬಂದ ಮಾರ್ಮನ್ನರು ಸಾಲ್ಟ್ ಲೇಕ್ ಸಿಟಿಯ ನಕ್ಷೆ ಹಾಕಿದಾಗ ರಸ್ತೆಗಳಿಗೆ 132 ಅಡಿ ಅಗಲ ಕೊಟ್ಟರು. ಕಾರು ಹುಟ್ಟೋಕೆ ಇನ್ನೂ ಸುಮಾರು ನಾಲ್ಕು ದಶಕ ಇತ್ತು! ಎತ್ತಿನ ಗಾಡಿ ಸಲೀಸಾಗಿ ತಿರುಗಲಿ ಅಂತ ಅಷ್ಟು ಅಗಲ ಅನ್ನೋದು ಅಲ್ಲಿನವರು ಹೇಳೋ ಕತೆ. ಒಂದೊಂದು ಬ್ಲಾಕು ಹತ್ತು ಎಕರೆ. ಹನ್ನೆರಡು ವರ್ಷದ ನಂತರ ಇಲ್ಡೆಫಾನ್ಸ್ ಸೆರ್ದಾ ಬಾರ್ಸಿಲೋನಾದ ಕೋಟೆಗೋಡೆಯಾಚೆ, ಬಯಲಲ್ಲೇ, ಹೊಸ ಬಡಾವಣೆ ಯೋಜಿಸಿದ. ಅವನ ಸಾಮಾನ್ಯ ರಸ್ತೆ 20 ಮೀಟರ್, ಅಂದ್ರೆ ಹತ್ತಿರ ಹತ್ತಿರ 66 ಅಡಿ. ಹೆಚ್ಚುಕಮ್ಮಿ ಸರಿಯಾಗಿ ಅರ್ಧ. ಹಳೇ ಊರಿನ ಓಣಿಗಳ ಪಕ್ಕ ಅದೇ ಧಾರಾಳ.

ಆದರೆ ಡೆಟ್ರಾಯಿಟ್‌ನ ಹೇಸ್ಟಿಂಗ್ಸ್ ಸ್ಟ್ರೀಟ್‌ಗೆ ಈ ಲೆಕ್ಕ ಹೊಂದಲ್ಲ. ಅದು ಕಪ್ಪು ಜನರ ಪೇಟೆ. ಅಂಗಡಿ, ಹೋಟೆಲು, ಸಂಗೀತದ ಕ್ಲಬ್ಬು ಒತ್ತೊತ್ತಾಗಿದ್ದವು. ಅಲ್ಲಿ ಜಾಗ ಖಾಲಿ ಇರಲಿಲ್ಲ, ಖಾಲಿ ಮಾಡಿಸಿದರು. 1956ರ ಹೆದ್ದಾರಿ ಕಾಯ್ದೆ ಪ್ರಕಾರ ಇಂಟರ್‌ಸ್ಟೇಟ್ ರಸ್ತೆಗಳ ಖರ್ಚಿನಲ್ಲಿ ಶೇ. 90 ಕೇಂದ್ರ ಸರ್ಕಾರದ್ದು. ಅಷ್ಟು ದುಡ್ಡು ಬರುವಾಗ ಯಾವ ಊರು ತಾನೇ ಬೇಡ ಅನ್ನುತ್ತೆ? ಹೇಸ್ಟಿಂಗ್ಸ್ ಇದ್ದ ಜಾಗದಲ್ಲಿ ಕ್ರೈಸ್ಲರ್ ಫ್ರೀವೇ ಬಂತು.

ಯುರೋಪ್ ಏನು ಜಾಣತನದಿಂದ ದೂರ ಉಳೀತಾ? ಇಲ್ಲ. 1967ರಲ್ಲಿ ಡೇವಿಡ್ ಯೋಕಿನೆನ್ ಅನ್ನೋ ಅಮೆರಿಕನ್, ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಯೊಂದನ್ನು ಮುಚ್ಚಿ ಹೆದ್ದಾರಿ ಮಾಡೋ ಯೋಜನೆ ಮುಂದಿಟ್ಟ. ಅದು ಕಾಗದದಲ್ಲೇ ಉಳೀತು. ನ್ಯೂಮಾರ್ಕ್ಟ್ ಬಡಾವಣೆಯ ಕತೆ ಹಾಗಲ್ಲ. ಮೆಟ್ರೊ ಮತ್ತು ನಾಲ್ಕು ಪಥದ ರಸ್ತೆಗಾಗಿ ಮನೆಗಳನ್ನು ಕೆಡವೋಕೆ ಶುರು ಮಾಡೇಬಿಟ್ಟಿದ್ದರು. ನಿವಾಸಿಗಳು ಹಟ ಹಿಡಿದರು. 1975ರಲ್ಲಿ ಪೊಲೀಸರ ಜೊತೆ ಬೀದಿಯಲ್ಲೇ ಹೊಡೆದಾಟ ಆಯ್ತು. ಮೆಟ್ರೊ ಬಂತು, ದೊಡ್ಡ ರಸ್ತೆ ಬರಲಿಲ್ಲ.

ಆ ರಸ್ತೆಗೆ ಅಡ್ಡವಾಗಿತ್ತು ಅಂತ ಕೆಡವಬೇಕಿದ್ದ ಪಿಂಟೊ ಮನೆತನದ ಹದಿನೇಳನೇ ಶತಮಾನದ ಮನೆ ಇವತ್ತೂ ನಿಂತಿದೆ. ಎಷ್ಟೋ ವರ್ಷ ಅದರಲ್ಲಿ ಬಡಾವಣೆಯ ಲೈಬ್ರರಿ ನಡೀತಿತ್ತು.