ಗಂಗೋತ್ರಿಯ ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿಗಳ ಕೈ

ಮೈಸೂರಿನ ಆಟೊದವರಿಗೆ ‘ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ’ ಎಂದರೆ ಒಂದು ಕ್ಷಣ ಯೋಚಿಸುತ್ತಾರೆ. ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ನೇರ ಮಾನಸಗಂಗೋತ್ರಿಗೆ ಕರೆತರುತ್ತಾರೆ. ಎಂ. ಶ್ರೀನಿವಾಸರಾಯರು ಕಿವುಡ ಹಾಗೂ ಅಂಧ ಮಕ್ಕಳಿಗೆ 1901ರಲ್ಲೇ ಶಾಲೆ ತೆರೆದ ಊರು ಇದು. 1965ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಸಂಸ್ಥೆ ಮುಂದೆ ಮಹಾರಾಜರು ಕೊಟ್ಟ ಜಾಗದಲ್ಲಿ ನೆಲೆಯೂರಿತು. ಇದರ ಹಿರಿಮೆಯನ್ನು ಹೇಳುವವರು ಕಟ್ಟಡ, ಯಂತ್ರ, ನಿರ್ದೇಶಕರ ಪಟ್ಟಿ ಕೊಡುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ: ಇಲ್ಲಿಗೆ ಬರುವ ಮಗುವಿನ ಎದುರು ಕೂರುವವರು ಬಹುಪಾಲು ವಿದ್ಯಾರ್ಥಿಗಳು. ಅದು ಬಿಡುವಿನ ವೇಳೆಯ ಸೇವೆಯಲ್ಲ, ಪಠ್ಯದ ಭಾಗ. ಮೇಲ್ವಿಚಾರಕರ ಕಣ್ಗಾವಲಿನಲ್ಲಿ ಕ್ಲಿನಿಕ್ಕಿನ ಗಂಟೆಗಳನ್ನು ಪೂರೈಸದೆ ಡಿಗ್ರಿ ಸಿಗುವುದಿಲ್ಲ.

ಇಯರ್ ಮೋಲ್ಡ್ ಕೆಲಸವನ್ನೇ ನೋಡಿ. ಹಿಯರಿಂಗ್ ಏಡ್ ಎಷ್ಟೇ ದುಬಾರಿಯದಾಗಲಿ, ಕಿವಿಯೊಳಗೆ ಕೂರುವ ಅಚ್ಚು ಸರಿಯಿಲ್ಲದಿದ್ದರೆ ಅದು ಕುಂಯ್ ಎಂದು ಕೂಗುತ್ತದೆ, ಮಗು ಕಿತ್ತು ಬಿಸಾಡುತ್ತದೆ. ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಬೇಕು. ಆಮೇಲೆ ದಾರ ಕಟ್ಟಿದ ಹತ್ತಿಯ ಚಿಕ್ಕ ಉಂಡೆಯನ್ನು ಒಳಗಿಡಬೇಕು. ಅದು ತಪ್ಪಿದರೆ ಅಚ್ಚಿನ ಪದಾರ್ಥ ತಮಟೆಯವರೆಗೂ ಹರಿದೀತು. ನಂತರ ಸಿರಿಂಜಿನಿಂದ ಮೆತ್ತನೆಯ ಪದಾರ್ಥ ತುಂಬಿ, ಗಟ್ಟಿಯಾಗುವ ತನಕ ಮಗು ಅಲುಗಾಡದಂತೆ ನೋಡಿಕೊಳ್ಳಬೇಕು. ಈ ಕೊನೆಯದನ್ನು ಯಾವ ಪುಸ್ತಕವೂ ಕಲಿಸದು. ತೊಡೆಯ ಮೇಲೆ ಕೂರಿಸಿಕೊಂಡ ಅಮ್ಮನೇ ಕಲಿಸಬೇಕು. ಮಗುವಿನ ಕಿವಿ ಬೆಳೆದ ಹಾಗೆ ಅಚ್ಚನ್ನೂ ಬದಲಿಸಬೇಕಾದ್ದರಿಂದ ಕೆಲಸ ಒಮ್ಮೆಗೆ ಮುಗಿಯುವುದೂ ಇಲ್ಲ.

ಇದಕ್ಕಿಂತ ದೊಡ್ಡ ಕೊಡುಗೆ ಕಣ್ಣಿಗೆ ಬೀಳದೆ ಗ್ರಂಥಾಲಯದ ಕಪಾಟಿನಲ್ಲಿದೆ. ಕಿವಿ ಪರೀಕ್ಷೆಗೆ ಆರಂಭದಲ್ಲಿ ಕೈಗೆ ಸಿಕ್ಕಿದ್ದು ಅಮೆರಿಕದ ಪದಪಟ್ಟಿಗಳು, ಒಂದೇ ಉಚ್ಚಾರಾಂಶದ ಇಂಗ್ಲಿಷ್ ಪದಗಳು. ಕನ್ನಡದ್ದು ‘ಮನೆ’, ‘ಹಾಲು’, ‘ಕಾಗೆ’ಯ ಜಾಯಮಾನ, ಎರಡು ಅಕ್ಷರ, ಕೊನೆಗೆ ಸ್ವರ. ಎಚ್.ಡಿ. ಕೋಟೆಯ ಮಗುವಿಗೆ ಇಂಗ್ಲಿಷ್ ಪದ ಕೇಳಿಸಿ ಏನನ್ನು ಅಳೆಯುವುದು? ಕೇಳುವುದನ್ನಷ್ಟೇ ಅಲ್ಲ, ಮಾತನ್ನು ಅಳೆಯಲೂ ಕನ್ನಡದ್ದೇ ಪರೀಕ್ಷೆ ಬೇಕಿತ್ತು. ಅಂಥ ಉಚ್ಚಾರಣಾ ಪರೀಕ್ಷೆಯೊಂದು 1972ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ ನ. ರತ್ನ ಒಬ್ಬರು. ಸಮತೆಂತೋ ರಂಗತಂಡದ ಅದೇ ರತ್ನ, ಮುಂದೆ ಸಂಸ್ಥೆಯ ನಿರ್ದೇಶಕರೂ ಆದವರು. ‘ಕಾಗೆ’ಯನ್ನು ‘ತಾದೆ’ ಎನ್ನುವ ಮಗುವಿನ ತೊಡಕನ್ನು ಹಿಡಿಯಲು ಮಾತಿನ ಲಯ ಬಲ್ಲ ನಾಟಕಕಾರನ ಕಿವಿಯೂ ಬೇಕಿತ್ತೇನೊ! ಮುಂದೆ ಚಿತ್ರ ತೋರಿಸಿ ಮಾಡುವ ಪರೀಕ್ಷೆ, ಪದಪಟ್ಟಿ, ಭಾಷಾ ಪರೀಕ್ಷೆಗಳು ಒಂದೊಂದಾಗಿ ಬಂದವು. ಅವುಗಳಲ್ಲಿ ಎಷ್ಟೋ ಎಂ.ಎಸ್ಸಿ. ವಿದ್ಯಾರ್ಥಿಗಳು ಡಿಗ್ರಿಗಾಗಿ ಬರೆದ ಪ್ರಬಂಧಗಳು. ಬೇರೆಡೆ ಇಂಥವು ಧೂಳು ತಿನ್ನುತ್ತವೆ. ಇಲ್ಲಿ ಕ್ಲಿನಿಕ್ಕಿನ ಮೇಜಿಗೆ ಬಂದವು.

ಹಾಗೆಂದು ಎಲ್ಲವೂ ಸರಿಯಾಗಿದೆ ಎನ್ನಲಾರೆ. ಇದೇ ಊರಿನಲ್ಲಿ ಎಸ್‌ಜೆಸಿಇ, 1946ರ ಎನ್‌ಐಇ ಎಂಬ ಎಂಜಿನಿಯರಿಂಗ್ ಕಾಲೇಜುಗಳಿವೆ, ವಿಶೇಷ ಚೇತನರಿಗೆಂದೇ ಜೆಎಸ್‌ಎಸ್ ನಡೆಸುವ ಪಾಲಿಟೆಕ್ನಿಕ್ ಇದೆ. ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಎಂಜಿನಿಯರಿಂಗ್ ಹುಡುಗರು ಎಲ್ಲ ಕಡೆಯೂ ‘ಮಾತನಾಡುವ ಕೈಗವಸು’, ‘ಸ್ಮಾರ್ಟ್ ಬಿಳಿಕೋಲು’ ಮಾಡುತ್ತಾರೆ. ಪ್ರದರ್ಶನದಲ್ಲಿ ಬಹುಮಾನವೂ ಬರುತ್ತದೆ. ಆದರೆ ಸನ್ನೆ ಭಾಷೆಯಲ್ಲಿ ಮುಖಭಾವಕ್ಕೂ ವ್ಯಾಕರಣವಿದೆ, ಬರೀ ಬೆರಳು ಎಣಿಸುವ ಕೈಗವಸಿಗೆ ಅದು ದಕ್ಕದು ಎಂದು ಅವರಿಗೆ ಹೇಳುವವರಿಲ್ಲ. ಬಳಸಬೇಕಾದವರನ್ನು ಕೇಳದೆ ಮಾಡಿದ ಉಪಕರಣ ಕೊನೆಗೆ ಕಾಲೇಜಿನ ಬೀರುವನ್ನೇ ಸೇರುತ್ತದೆ.

ಇದನ್ನು ಓದುವ ಎಂಜಿನಿಯರಿಂಗ್ ಪ್ರಾಧ್ಯಾಪಕರಲ್ಲಿ ಒಂದು ಬಿನ್ನಹ: ಪ್ರಾಜೆಕ್ಟಿನ ವಿಷಯ ಒಪ್ಪುವ ಮುನ್ನ ನಿಮ್ಮ ವಿದ್ಯಾರ್ಥಿಗಳನ್ನು ಒಂದು ವಾರ ಪಾಲಿಟೆಕ್ನಿಕ್ಕಿನ ತರಗತಿಯಲ್ಲೋ ಗಂಗೋತ್ರಿಯ ಕ್ಲಿನಿಕ್ಕಿನಲ್ಲೋ ಕೂರಿಸಿ. ಅನುಮತಿಗೆ ಪತ್ರ ಬರೆಯುವ ಕೆಲಸ ನಿಮ್ಮದು.