ತಾರಣ

ನಾಸಿಕದ ಪೇಟೆಯಲ್ಲಿ ಮರಾಠಿ ಫಲಕ ಓದುತ್ತ ನಡೆಯುವ ಕನ್ನಡಿಗನಿಗೆ ಸಹಕಾರಿ ಬ್ಯಾಂಕುಗಳ ಬಾಗಿಲಲ್ಲಿ ಒಂದು ಸಾಲು ಕಣ್ಣಿಗೆ ಬೀಳುತ್ತದೆ: ‘ಸೋನೆ ತಾರಣ ಕರ್ಜ’. ಅಂದರೆ ಚಿನ್ನ ಇಟ್ಟುಕೊಂಡು ಕೊಡುವ ಸಾಲ. ಹುಬ್ಬಳ್ಳಿಯವರು ಇದನ್ನೇ ಗಿರವಿ ಎನ್ನುತ್ತಾರೆ, ಮೈಸೂರಿನವರು ಅಡವು. ಅದೇ ಊರಿನ ಪ್ರೊಟೆಸ್ಟೆಂಟ್ ಸಭೆಯಲ್ಲಿ ಭಾನುವಾರ ಹೋಗಿ ಕುಳಿತರೆ ಸಭಾಪಾಲಕರ ಬಾಯಲ್ಲೂ ಅದೇ ಪದ ಬರುತ್ತದೆ. ಅಲ್ಲಿ ತಾರಣವೆಂದರೆ ಆತ್ಮ ಪಾಪದಿಂದ ಪಾರಾಗುವುದು. ಯೇಸು ‘ತಾರಣಾರಾ’, ಪಾರುಮಾಡುವವನು. ‘ತಾರಣ ಝಾಲೆ ಕಾ?’ (ತಾರಣ ಆಯಿತೇ?) ಎಂದು ಯಾರಾದರೂ ಕೇಳಿದರೆ ಕೇಳಿದವನು ಬ್ಯಾಂಕಿನ ಗುಮಾಸ್ತನೋ ಸುವಾರ್ತಿಕನೋ ಎಂದು ಅವನ ಕಂಕುಳಲ್ಲಿರುವ ಪುಸ್ತಕ ನೋಡಿ ತೀರ್ಮಾನಿಸಬೇಕು.

ನಮಗೆ ಈ ಪದ ಸಿಗುವುದು ಪಂಚಾಂಗದಲ್ಲಿ ಮಾತ್ರ. ಅರವತ್ತು ಸಂವತ್ಸರಗಳಲ್ಲಿ ಹದಿನೆಂಟನೆಯದು ತಾರಣ. 2004ರ ಯುಗಾದಿಗೆ ಬಂದು ಹೋಯಿತು, ಮತ್ತೆ ಬರುವುದು 2064ಕ್ಕೆ. ಆದರೆ ಅದರ ಬಳಗ ನಮ್ಮ ಮನೆಯಲ್ಲೇ ಇದೆ. ಸಂಸ್ಕೃತದ ‘ತೄ’ ಎಂಬ ಧಾತುವಿಗೆ ದಾಟು ಎಂದು ಅರ್ಥ. ಹೊಳೆ ದಾಟುವ ಕಡವು ತೀರ್ಥ. ಮೇಲಿನಿಂದ ಇಳಿದು ಬಂದದ್ದು ಅವತಾರ. ದಾಟಲಾಗದ್ದು ದುಸ್ತರ. ಪರೀಕ್ಷೆ ದಾಟಿದ ಹುಡುಗ ಉತ್ತೀರ್ಣ. ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳದ ಹೊತ್ತಿಗೆ ನಾಸಿಕದ ರಾಮಕುಂಡದಲ್ಲಿ ಮುಳುಗಿ ಏಳುವ ಲಕ್ಷಾಂತರ ಜನ ತೀರ್ಥ ಎನ್ನುತ್ತಾರೆ, ಅಲ್ಲಿಂದ ಅಷ್ಟೇನೂ ದೂರವಲ್ಲದ ಶರಣಪುರದ ಚರ್ಚಿನವರು ತಾರಣ ಎನ್ನುತ್ತಾರೆ. ಧಾತು ಒಂದೇ, ಆದರೆ ದಾಟಿಸುವವರು ಯಾರು ಎಂಬಲ್ಲಿ ಜಗಳ.

ತಾರಣ ಬೋಧಿಸುವ ಪ್ರೊಟೆಸ್ಟೆಂಟರಲ್ಲಿ ಇವಾಂಜೆಲಿಕಲ್ ಎನಿಸಿಕೊಂಡ ಸಭೆಗಳ ನಂಬಿಕೆಯ ಪಟ್ಟಿಯನ್ನು ಎಲ್ಲಿ ತೆಗೆದು ನೋಡಿದರೂ ಹೆಚ್ಚುಕಡಿಮೆ ಒಂದೇ ಸಂಗತಿಗಳಿರುತ್ತವೆ. ಬೈಬಲ್ ದೇವರ ಪ್ರೇರಣೆಯಿಂದ ಬಂದ ವಾಕ್ಯ, ನಂಬಿಕೆಗೂ ನಡತೆಗೂ ಅದೇ ಕೊನೆಯ ಮಾತು. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಾಗಿ ಇದ್ದಾನೆ. ಕನ್ನಿಕೆಯಲ್ಲಿ ಹುಟ್ಟಿದ ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ. ಸತ್ತು ಮೂರನೆಯ ದಿನ ದೇಹಸಮೇತ ಎದ್ದ, ಮತ್ತೆ ಬರುತ್ತಾನೆ. ಇಷ್ಟಕ್ಕೆ ಕ್ಯಾಥೊಲಿಕರದೂ ತಕರಾರಿಲ್ಲ. ಬೈಬಲ್ಲೇ ಕೊನೆಯ ಮಾತು ಎಂಬುದಕ್ಕೆ ಮಾತ್ರ ಅವರು ಪರಂಪರೆಯನ್ನೂ ಪಕ್ಕದಲ್ಲಿಡುತ್ತಾರೆ. ಇವಾಂಜೆಲಿಕಲ್ಲರ ನಿಜವಾದ ಒತ್ತು ಬೀಳುವುದು ನಂತರದ ಸಾಲಿನ ಮೇಲೆ: ಮನುಷ್ಯ ತನ್ನ ಪುಣ್ಯದಿಂದ, ದಾನಧರ್ಮದಿಂದ, ಕುಲದಿಂದ, ಸಂಸ್ಕಾರದಿಂದ ಪಾರಾಗಲಾರ. ಅವನ ಬದಲಿಗೆ ಯೇಸು ಶಿಲುಬೆಯ ಮೇಲೆ ತೆತ್ತಿದ್ದಾನೆ. ನಂಬಿ ಒಪ್ಪಿಕೊಂಡವನಿಗೆ ಕೃಪೆಯಿಂದ ತಾರಣ, ಅದೂ ಪುಕ್ಕಟೆ. ಬ್ರಿಟಿಷ್ ಇತಿಹಾಸಕಾರ ಡೇವಿಡ್ ಬೆಬಿಂಗ್‌ಟನ್ 1989ರಲ್ಲಿ ಈ ಪಂಥದ ಗುರುತನ್ನು ನಾಲ್ಕಕ್ಕೆ ಇಳಿಸಿದ: ಬೈಬಲ್, ಶಿಲುಬೆ, ಮನಪರಿವರ್ತನೆ, ಕಾರ್ಯತತ್ಪರತೆ. ಅನುಕೂಲವಾದ ಪಟ್ಟಿಯೇ ಸರಿ. ಆದರೆ ಆ ಪಟ್ಟಿಯಲ್ಲಿ ಸಾಲಗಾರನ ಎದೆಬಡಿತ ಕೇಳಿಸುವುದಿಲ್ಲ.

ಏಕೆಂದರೆ ಈ ತತ್ತ್ವದ ಭಾಷೆ ಮೊದಲಿನಿಂದಲೂ ಪೇಟೆಯದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಬಿಡುಗಡೆಗೆ ಬಳಸಿರುವ ಪದ ‘ಅಪೊಲುತ್ರೋಸಿಸ್’. ಗುಲಾಮನನ್ನೋ ಯುದ್ಧಕೈದಿಯನ್ನೋ ಹಣ ಕೊಟ್ಟು ಬಿಡಿಸಿಕೊಳ್ಳುವುದು. ಪವಿತ್ರಾತ್ಮನಿಗೆ ಅಪೊಸ್ತಲ ಪೌಲ ಬಳಸುವ ‘ಅರ್ರಬೋನ್’ ಸೆಮೆಟಿಕ್ ವ್ಯಾಪಾರಿಗಳಿಂದ ಗ್ರೀಕಿಗೆ ಬಂದ ಪದ, ಕ್ರಯಕ್ಕೆ ಮುನ್ನ ಕೊಡುವ ಮುಂಗಡ. ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಂತೂ ನಮ್ಮ ವಿರುದ್ಧ ಇದ್ದ ಸಾಲಪತ್ರವನ್ನೇ ಅಳಿಸಿ ಶಿಲುಬೆಗೆ ಮೊಳೆ ಹೊಡೆದ ಚಿತ್ರವಿದೆ. ಇದನ್ನು ಓದುವಾಗ ನನಗೆ 1875ರ ಮೇ ತಿಂಗಳು ನೆನಪಾಗುತ್ತದೆ. ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಕಿತ್ತು ಸುಟ್ಟರು. ದಂಗೆ ನಾಸಿಕಕ್ಕೆ ಅಂಟಿಕೊಂಡಿದ್ದ ಆಗಿನ ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿತು. ಸರ್ಕಾರ 1879ರಲ್ಲಿ ಡೆಕ್ಕನ್ ಕೃಷಿಕರ ಪರಿಹಾರ ಕಾಯ್ದೆ ತರಬೇಕಾಯಿತು. ಬರೆದಿಟ್ಟ ಒಂದು ಕಾಗದ ಮನುಷ್ಯನನ್ನು ಮೂರು ತಲೆಮಾರು ಹಿಡಿದಿಡಬಲ್ಲದು ಎಂದು ಈ ಸೀಮೆಗೆ ಯಾವ ಬೋಧಕನೂ ಹೇಳಿಕೊಡಬೇಕಾಗಿರಲಿಲ್ಲ. 1831ರಿಂದ ಅಹ್ಮದ್‌ನಗರದಲ್ಲಿದ್ದ ಅಮೆರಿಕನ್ ಮರಾಠಿ ಮಿಷನ್ನಿನವರೂ ನಾಸಿಕದ ಚರ್ಚ್ ಮಿಷನರಿ ಸೊಸೈಟಿಯ (ಸಿಎಂಎಸ್) ಮಂದಿಯೂ ಇಂಥ ಕೇಳುಗರಿಗೇ ತಾರಣ ಎಂದದ್ದು.

ಇಂದಿಗೂ ಆ ಪದಕ್ಕೆ ಗದ್ದೆಯ ಮಣ್ಣು ಅಂಟಿಕೊಂಡಿದೆ. ಮಹಾರಾಷ್ಟ್ರದ ಕೃಷಿ ಪಣನ (ಮಾರುಕಟ್ಟೆ) ಮಂಡಳಿ 1990ರ ದಶಕದ ಆರಂಭದಿಂದ ‘ಶೇತಮಾಲ ತಾರಣ ಕರ್ಜ ಯೋಜನಾ’ ನಡೆಸುತ್ತಿದೆ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಸೋಯಾ, ತೊಗರಿ, ಮೆಕ್ಕೆಜೋಳವನ್ನು ಮಾರುಕಟ್ಟೆ ಸಮಿತಿಯ ಗೋದಾಮಿನಲ್ಲಿ ಇಟ್ಟರೆ ಬೆಲೆಯ ಮುಕ್ಕಾಲು ಪಾಲಿನವರೆಗೆ ಸಾಲ, ಶೇಕಡಾ 6 ಬಡ್ಡಿ, 180 ದಿನದ ಗಡುವು. ಬೆಲೆ ಏರಿದ ಮೇಲೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಜೇಬಿಗಿಳಿಸಬಹುದು. ಮಾಲು ಒಳಗೆ ಕೂತು ಮನುಷ್ಯನನ್ನು ಕಷ್ಟದ ತಿಂಗಳು ದಾಟಿಸುತ್ತದೆ. ದಾಟುವುದೂ ಒತ್ತೆಯೂ ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವು ಎಂದು ವ್ಯಾಕರಣಕಾರರನ್ನು ಕೇಳುವುದಕ್ಕಿಂತ ಈ ಯೋಜನೆಯ ಅರ್ಜಿ ತುಂಬಿದ ರೈತನನ್ನು ಕೇಳುವುದೇ ವಾಸಿ.

ಇನ್ನು ಗುಲಾಮರ ಸಂಗತಿ. ನಾಸಿಕದ ಹೊರವಲಯದಲ್ಲಿ ಸಿಎಂಎಸ್ ಪಾದ್ರಿ ವಿಲಿಯಂ ಸಾಲ್ಟರ್ ಪ್ರೈಸ್ 1850ರ ದಶಕದಲ್ಲಿ ಕ್ರೈಸ್ತರಿಗೊಂದು ಹಳ್ಳಿ ಕಟ್ಟಿ ಶರಣಪುರ ಎಂದು ಹೆಸರಿಟ್ಟ. ಕನ್ನಡಿಗರಿಗೆ ಶರಣ ಎಂದೊಡನೆ ಕಲ್ಯಾಣ ನೆನಪಾಗುತ್ತದೆ. ನಾಸಿಕದಲ್ಲಿ ಶರಣಪುರಕ್ಕೆ ಆಶ್ರಯದ ಊರು ಎಂಬ ಅರ್ಥ. ಅರಬ್ ವ್ಯಾಪಾರಿಗಳ ಹಡಗುಗಳಿಂದ ಬ್ರಿಟಿಷ್ ನೌಕಾಪಡೆ ಬಿಡಿಸಿ ತಂದ ಆಫ್ರಿಕಾದ ಮಕ್ಕಳನ್ನು ಮುಂಬಯಿಯಿಂದ ಅಲ್ಲಿಗೆ ಕಳಿಸುತ್ತಿದ್ದರು. ಓದುಬರಹದ ಜೊತೆ ಬಡಗಿತನ, ಕಮ್ಮಾರಿಕೆ ಕಲಿಸುತ್ತಿದ್ದರು. ‘ನಾಸಿಕ್ ಬಾಯ್ಸ್’ ಎಂದು ಇತಿಹಾಸ ಪುಸ್ತಕಗಳಲ್ಲಿ ಬರುವವರು ಇವರೇ. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್. 1873ರಲ್ಲಿ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿನಲ್ಲಿ ಸತ್ತಾಗ ಜೊತೆಯಲ್ಲಿದ್ದು, ಆತನ ದೇಹದೊಂದಿಗೆ ಇಂಗ್ಲೆಂಡಿಗೆ ಹೋಗಿ, 1874ರ ಏಪ್ರಿಲ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಯ ಪಕ್ಕ ನಡೆದವನು. ಆಮೇಲೆ ಪ್ರೈಸ್ ಮೊಂಬಾಸಾ ಬಳಿ ಫ್ರಿಯರ್ ಟೌನ್ ಕಟ್ಟಲು ಹೋದಾಗ ನಾಸಿಕದಲ್ಲಿ ಬೆಳೆದ ಆಫ್ರಿಕನ್ನರು ಅಲ್ಲಿ ನೆಲೆಸಿದರು.

ಶರಣಪುರದ ಬೆಂಚಿನ ಮೇಲೆ ಕೂತು ‘ನಿನ್ನನ್ನು ಕ್ರಯ ಕೊಟ್ಟು ಬಿಡಿಸಲಾಗಿದೆ’ ಎಂಬ ಬೋಧನೆ ಕೇಳಿದ ಅಂಥ ಒಬ್ಬ ಹುಡುಗನಿಗೆ ಅದು ರೂಪಕವಾಗಿರಲು ಸಾಧ್ಯವಿಲ್ಲ. ತನ್ನ ಕ್ರಯ ಎಷ್ಟೆಂದು ಕೂಗಿದ್ದನ್ನು ಅವನು ಸಂತೆಯಲ್ಲಿ ಕಿವಿಯಾರೆ ಕೇಳಿದ್ದಿರಬಹುದು.

ಛತ್ರಪತಿ ಸಂಭಾಜಿನಗರಕ್ಕೂ ಇಂಥದೇ ಹುಟ್ಟಿನ ಕಥೆ ಇದೆ. 1610ರಲ್ಲಿ ಆ ಊರನ್ನು ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದ ಮಲಿಕ್ ಅಂಬರ್ ಇಥಿಯೋಪಿಯಾದಿಂದ ಕೈಯಿಂದ ಕೈಗೆ ಮಾರಾಟವಾಗುತ್ತ ದಖ್ಖನಿಗೆ ಬಂದ ಗುಲಾಮ. ಯಜಮಾನ ಸತ್ತ ಮೇಲೆ ಬಿಡುಗಡೆಯಾಗಿ ಮೊಘಲರ ನಿದ್ದೆ ಕೆಡಿಸಿದವನು. (ಆ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೇ ಇದೆ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವಿರುವ ಎಲ್ಲೋರವೂ ಅದೇ ಜಿಲ್ಲೆಯಲ್ಲಿದೆ. ಪ್ರವಾಸಕ್ಕೆ ಹೋದ ಕನ್ನಡಿಗರು ಬಸ್ಸಿನ ಫಲಕ ನೋಡಿ ಕಣ್ಣರಳಿಸುವುದು ಸಹಜ.) ಆಗ ಔರಂಗಾಬಾದ್ ಎನಿಸಿದ್ದ ಈ ಊರು 1948ರವರೆಗೆ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳ ಜೊತೆ ನಿಜಾಮನ ರಾಜ್ಯದಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಿಎಂಎಸ್ ಕೆಲಸ ನಡೆಸಿದವರು ರತ್ತನ್‌ಜಿ ನವರೋಜಿ ಎಂಬ ಪಾದ್ರಿ. ಹುಟ್ಟಿನಿಂದ ಪಾರ್ಸಿ, ಬೋಧನೆಯ ಭಾಷೆ ಮರಾಠಿ, ಆಳುವವರ ಭಾಷೆ ಉರ್ದು. ತಾರಣಕ್ಕೆ ಆ ಊರಿನಲ್ಲಿ ‘ನಜಾತ್’ ಎಂಬ ಇನ್ನೊಂದು ಹೆಸರೂ ಇದ್ದೇ ಇತ್ತು.

ನಮ್ಮ ಕನ್ನಡ ಬೈಬಲ್ಲಿನವರು ಏನು ಮಾಡಿದರು? ತಾರಣದ ಜಾಗದಲ್ಲಿ ರಕ್ಷಣೆ ಇಟ್ಟರು. ಸಭ್ಯವಾದ ಪದ, ಆದರೆ ಅದಕ್ಕೆ ಸಮವಸ್ತ್ರದ ವಾಸನೆ. ರಕ್ಷಣಾ ಸಚಿವ, ರಕ್ಷಣಾ ಇಲಾಖೆ, ಆರಕ್ಷಕ ಠಾಣೆ. ‘ರಕ್ಷಣೆ ಹೊಂದಿದ್ದೀರಾ?’ ಎಂದು ಬಳ್ಳಾರಿಯಲ್ಲೋ ಧಾರವಾಡದಲ್ಲೋ ಯಾರಾದರೂ ಕೇಳಿದರೆ ಹೊರಗಿನವರಿಗೆ ಅಂಗರಕ್ಷಕರ ಯೋಚನೆ ಬಂದರೆ ಆಶ್ಚರ್ಯವಿಲ್ಲ. ಕಾವಲು ಕಾಯುವವನಿಗೆ ಸಂಬಳವಿರುತ್ತದೆ, ಅವನು ತನ್ನದನ್ನೇನೂ ತೆರಬೇಕಾಗಿಲ್ಲ. ತಾರಣದಲ್ಲಿ ಒಬ್ಬನ ಸ್ವತ್ತು ಒಳಗೆ ಕೂರಬೇಕು.

ಆದರೆ ಉಳಿದ ಎರಡು ಕಡೆ ನಮ್ಮ ಹಳೆಯ ಅನುವಾದಕರು ಪೇಟೆಗೇ ಹೋಗಿ ಪದ ತಂದಿದ್ದಾರೆ. ಯೇಸು ಅನೇಕರಿಗಾಗಿ ಪ್ರಾಣ ಕೊಡುವ ಮಾತು ಬಂದಲ್ಲಿ ‘ಈಡು’ ಎಂದಿದ್ದಾರೆ. ಪವಿತ್ರಾತ್ಮನಿಗೆ ‘ಸಂಚಕಾರ’ ಎಂದಿದ್ದಾರೆ. ಸಂಸ್ಕೃತದ ಸತ್ಯಂಕಾರದ ತದ್ಭವವಿದು: ಆಡಿದ ಮಾತನ್ನು ಸತ್ಯ ಮಾಡಲು ಕೊಡುವ ಮುಂಗಡ. ದನದ ಜಾತ್ರೆಯಲ್ಲಿ ಎತ್ತಿಗೆ ಸಂಚಕಾರ ಕೊಟ್ಟರೆ ಇನ್ನೊಬ್ಬ ಆ ಎತ್ತನ್ನು ಮುಟ್ಟುವಂತಿಲ್ಲ. ಪೌಲನ ಅರ್ರಬೋನ್‌ಗೆ ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲೂ ಸಿಗಲಾರದು. ಈಗ ಪತ್ರಿಕೆ ತೆರೆದು ನೋಡಿ: ಹುದ್ದೆಗೆ ಸಂಚಕಾರ, ಮೀಸಲಾತಿಗೆ ಸಂಚಕಾರ, ಪ್ರಾಣಕ್ಕೆ ಸಂಚಕಾರ. ಯಮ ಮುಂಗಡ ಕೊಟ್ಟು ಹೋದ ಎಂಬ ಭಾವದಿಂದ ಅರ್ಥ ಹೀಗೆ ಹೊರಳಿರಬೇಕು. ಪವಿತ್ರಾತ್ಮನೇ ನಮ್ಮ ಸಂಚಕಾರ ಎಂದು ಇವತ್ತಿನ ಕಾಲೇಜು ಹುಡುಗನಿಗೆ ಹೇಳಿದರೆ ಬೆಚ್ಚಿಬೀಳುತ್ತಾನೆ.

ಮರಾಠಿಯವರ ಪಾಡು ಅರ್ಧ ಉತ್ತಮ, ಅರ್ಧ ಇನ್ನೂ ಕಷ್ಟ. ಸಂಚಕಾರಕ್ಕೆ ಅವರು ಇಟ್ಟ ‘ವಿಸಾರ’ ಇನ್ನೂ ಗಟ್ಟಿಯಾಗಿದೆ. ಜಮೀನು ಕೊಳ್ಳುವಾಗ ‘ವಿಸಾರ ಪಾವತಿ’ ಬರೆಸಿಕೊಳ್ಳುತ್ತಾರೆ. ಈಡಿಗೆ ಅವರು ಇಟ್ಟದ್ದು ‘ಖಂಡಣಿ’. ಪೇಶ್ವೆಯರ ಕಾಲಕ್ಕೆ ಅದು ಕಪ್ಪಕಾಣಿಕೆ. ಈಗಿನ ಮರಾಠಿ ಪತ್ರಿಕೆಯಲ್ಲಿ ಖಂಡಣಿ ಎಂದರೆ ರೌಡಿಗಳು ಬಿಲ್ಡರುಗಳಿಂದ ಕಿತ್ತುಕೊಳ್ಳುವ ಹಣ. ದೇವರ ಮಗ ಕೊಟ್ಟದ್ದು ಖಂಡಣಿ ಎಂದರೆ ವಸೂಲಿ ಮಾಡಿದವರು ಯಾರು? ವಿಚಿತ್ರವೆಂದರೆ ಮೂರನೆಯ ಶತಮಾನದ ಒರಿಜೆನ್‌ನಂಥ ದೊಡ್ಡ ಪಂಡಿತ ಇದೇ ಪ್ರಶ್ನೆ ಎತ್ತಿಕೊಂಡು, ಆ ಬೆಲೆ ಸಂದಾಯವಾದದ್ದು ಸೈತಾನನಿಗೆ ಎಂದ. ಹನ್ನೊಂದನೆಯ ಶತಮಾನದ ಕೊನೆಗೆ ದೇವಶಾಸ್ತ್ರಜ್ಞ ಆನ್‌ಸೆಲ್ಮ್ ಇದನ್ನು ಒಪ್ಪದೆ, ಮನುಷ್ಯ ಬಾಕಿ ಉಳಿಸಿಕೊಂಡದ್ದು ದೇವರಿಗೇ ಎಂದ. ಇವಾಂಜೆಲಿಕಲ್ ಬೋಧನೆ ಆನ್‌ಸೆಲ್ಮ್‌ನ ದಾರಿಯಲ್ಲಿ ಮುಂದೆ ಹೋದದ್ದು: ತೀರಬೇಕಾದದ್ದು ದೇವರ ನ್ಯಾಯ, ತೀರಿಸಿದವನೂ ದೇವರೇ.

ಇಲ್ಲಿಯೇ ನಮ್ಮವರ ತಕರಾರು ಹುಟ್ಟುವುದು. ದೇವಋಣ, ಋಷಿಋಣ, ಪಿತೃಋಣ ಎಂದು ಸಾಲದಲ್ಲೇ ಹುಟ್ಟುವ ಮನುಷ್ಯನ ಕಲ್ಪನೆ ನಮಗೂ ಹಳೆಯದು. ಆದರೆ ಆ ಸಾಲವನ್ನು ಅವರವರೇ ತೀರಿಸಬೇಕು, ಮಾಡಿದವರ ಪಾಪ ಮಾಡಿದವರಿಗೆ. 1893ರಲ್ಲಿ ಪ್ರಿಟೋರಿಯಾದಲ್ಲಿ ಪ್ಲಿಮತ್ ಬ್ರದರನ್ ಪಂಥದವನೊಬ್ಬ ಗಾಂಧಿಗೆ ಈ ಸಿದ್ಧಾಂತ ವಿವರಿಸಿದಾಗ, ತನಗೆ ಬೇಕಾದದ್ದು ಪಾಪದ ಫಲದಿಂದ ಬಿಡುಗಡೆಯಲ್ಲ, ಪಾಪದಿಂದಲೇ ಬಿಡುಗಡೆ ಎಂದು ಗಾಂಧಿ ಹೇಳಿದ್ದನ್ನು ಅವರ ಆತ್ಮಕಥೆಯಲ್ಲಿ ಓದಬಹುದು. ಬಲವಾದ ಮಾತು. ಇವಾಂಜೆಲಿಕಲ್ಲರು ಇದಕ್ಕೆ ಕೊಡುವ ಉತ್ತರ ಹೊಸ ಹುಟ್ಟಿನದು: ಸಾಲ ತೀರಿದವನು ಕೃತಜ್ಞತೆಯಿಂದ ಬದಲಾಗುತ್ತಾನೆ, ಬದಲಾಗಿ ಸಾಲ ತೀರಿಸುವುದಿಲ್ಲ. ಕ್ರಮ ಅವರಿಗೆ ಬಹಳ ಮುಖ್ಯ.

ಆ ಹೊಸ ಹುಟ್ಟಿಗೆ ತಾರೀಖು ಬೇಕೆ? ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ. ಆದರೆ ತನಗೆ ಆಗ ಸಿಕ್ಕಿದ್ದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲ, ಆತ ಸಿಕ್ಕಿದ್ದು ವರ್ಷಗಳ ನಂತರ ಎಂದು 1907ರಲ್ಲಿ ಅವರು ಬರೆದುಕೊಂಡರು. ನಾಸಿಕದ ಬಳಿಯ ಜಲಾಲಪುರದ ಲಕ್ಷ್ಮೀಬಾಯಿ ತಿಲಕ್ ಅವರ ಗಂಡ, ಕವಿ ನಾರಾಯಣ ವಾಮನ ತಿಲಕ್, 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಕ್ರೈಸ್ತರಾದರು. ತುಕಾರಾಮನ ಸೇತುವೆಯ ಮೇಲಿಂದ ಕ್ರಿಸ್ತನ ಬಳಿಗೆ ಬಂದೆ ಎಂಬುದು ಅವರ ನಿಲುವು. ಲಕ್ಷ್ಮೀಬಾಯಿ ದಾಟಲು ಇನ್ನೂ ಕೆಲವು ವರ್ಷ ಹಿಡಿಯಿತು. ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ ಓದಿದರೆ ಸಿದ್ಧಾಂತಕ್ಕಿಂತ ಮಡಿ, ನೀರು, ಅಡಿಗೆಮನೆಗಳೇ ಅವರಿಗೆ ದುಸ್ತರವಾದ ಹೊಳೆಗಳು ಎಂದು ತಿಳಿಯುತ್ತದೆ. 1970ರಲ್ಲಿ ನಾಗಪುರದಲ್ಲಿ ಆರು ಸಭೆಗಳು ಕೂಡಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆದಾಗ ತಾರೀಖಿನ ಈ ಪ್ರಶ್ನೆಯನ್ನು ಬಗೆಹರಿಸದೆಯೇ ಬಗೆಹರಿಸಿದರು: ಶಿಶುವಿಗೆ ದೀಕ್ಷಾಸ್ನಾನ ಮಾಡಿಸುವವರೂ ಇರಲಿ, ತಿಳಿವಳಿಕೆ ಬಂದ ಮೇಲೆ ಮುಳುಗುವವರೂ ಇರಲಿ. ನಾಸಿಕದ ಡಯಾಸಿಸ್ ಈಗ ಈ ಸಭೆಯದು. ಸ್ವತಂತ್ರ ಇವಾಂಜೆಲಿಕಲ್ ಸಭೆಗಳಿಗೆ ಈ ರಾಜಿ ರುಚಿಸುವುದಿಲ್ಲ. ಒತ್ತೆ ಬಿಡಿಸಿಕೊಂಡವನಿಗೆ ಬಿಡಿಸಿಕೊಂಡ ದಿನ ನೆನಪಿರಬೇಡವೇ ಎಂಬುದು ಅವರ ವಾದ.

ನನ್ನ ತೀರ್ಪು ಇಷ್ಟು. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಇವಾಂಜೆಲಿಕಲ್ ಬೋಧನೆ ಏನು ಹೇಳುತ್ತದೆ ಎಂದು ತಿಳಿಯಬೇಕಾದವರಿಗೆ ರಕ್ಷಣೆಗಿಂತ ತಾರಣ ಹತ್ತಿರದ ಪದ. ಕನ್ನಡದಲ್ಲೇ ಬೇಕೆಂದರೆ ಈಡು. ಸಂಚಕಾರವನ್ನು ಪತ್ರಿಕೆಯವರಿಂದ ವಾಪಸು ಪಡೆಯುವುದು ಇನ್ನು ಆಗದ ಮಾತು. ಬೀದರ್, ಬಸವಕಲ್ಯಾಣ, ನಿಪ್ಪಾಣಿ ಕಡೆಯ ಓದುಗರಲ್ಲಿ ಒಂದು ಕೋರಿಕೆ: ನಿಮ್ಮೂರಿನ ದನದ ಸಂತೆಯಲ್ಲಿ ಮುಂಗಡಕ್ಕೆ ಇನ್ನೂ ಸಂಚಕಾರ ಎನ್ನುವ ಹಿರಿಯರು ಇದ್ದರೆ ದಯವಿಟ್ಟು ಬರೆದು ತಿಳಿಸಿ.